ತಳಕ್ಕೆ ಕೂರದ ಕೆಂಪು

ನಮ್ಮ ಮನೆಯಲ್ಲಿ ಎರಡು ಬಕೆಟ್ ಇದ್ದವು. ಒಂದು ಎಲ್ಲರ ಬಟ್ಟೆಗೆ, ಇನ್ನೊಂದು ಅವ್ವನ ಗಣಿ ಸೀರೆಗೆ. ಸಂಡೂರಿನ ಕಡೆ ಕಬ್ಬಿಣದ ಅದಿರಿನ ಕೆಲಸಕ್ಕೆ ಹೋಗುವ ಹೆಂಗಸರ ಮನೆಗಳಲ್ಲೆಲ್ಲ ಆಗ ಹೀಗೇ ಇತ್ತು. ಗಣಿ ಸೀರೆಯ ಜೊತೆ ಬೇರೇನಾದರೂ ನೆನೆಸಿದರೆ ಅದೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಅದಿರಿಗೆ ಬೆಲೆ ಬಂದ ವರ್ಷಗಳು ಅವು. ಜೋಳದ ಹೊಲಗಳು ಅದಿರು ರಾಶಿ ಹಾಕುವ ಪ್ಲಾಟುಗಳಾಗಿದ್ದವು. ಅಂಥದೊಂದು ಪ್ಲಾಟಿನಲ್ಲಿ ಅವ್ವ ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದಳು, ಜರಡಿ ಹಿಡಿಯುತ್ತಿದ್ದಳು, ಬುಟ್ಟಿ ಹೊರುತ್ತಿದ್ದಳು. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ.

ಆ ಜರಡಿಯ ದುಡಿಮೆಯಲ್ಲಿ ನಾನು ಬಿ.ಎಸ್ಸಿ. ಮುಗಿಸಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಹೊಸಪೇಟೆಯ ಕಾಲೇಜಿಗೆ ಹೋಗುವ ಬಸ್ಸು ಲಾರಿಗಳ ಸಾಲಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಿತ್ತು. ಅರ್ಧ ಪಾಠಗಳನ್ನು ನಾನು ಆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಓದಿದ್ದೇನೆ.

ಓದು ಮುಗಿದ ಮೇಲೆ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಊರೂರಿಗೆ ಹೋಗಿ, ಹೆಂಗಸರನ್ನು ಕೂರಿಸಿ, ಅವರು ಯಾರಿಗೂ ಹೇಳದೆ ಸಹಿಸಿಕೊಳ್ಳುವ ಕಾಯಿಲೆಗಳ ಬಗ್ಗೆ ತಿಳಿಸಿ ಹೇಳುವುದು. ಬಿಳಿ ಸೆರಗು, ಜಾರಿದ ಗರ್ಭಕೋಶ, ರಕ್ತಹೀನತೆ, ನಿಲ್ಲದ ಮುಟ್ಟು. ಕಂಪ್ಲಿ, ಬುಕ್ಕಸಾಗರ, ಮರಿಯಮ್ಮನಹಳ್ಳಿ, ಎಲ್ಲ ಕಡೆ ಹೋದೆ. ಬುಕ್ಕಸಾಗರದಲ್ಲಿ ನಾಟಿ ಮುಗಿಸಿ ಬಂದ ಹೆಂಗಸರ ಮುಂದೆ ನಿಂತು, "ಮುಟ್ಟು ನಿಂತು ವರ್ಷ ಕಳೆದ ಮ್ಯಾಲೆ ಒಂದ ಹನಿ ಕಂಡ್ರೂ ಸುಮ್ಮನಿರಬ್ಯಾಡ್ರಿ, ದವಾಖಾನಿಗೆ ಹೋಗ್ರಿ" ಎಂದೆ. ಹಿಂದಿನಿಂದ ಒಬ್ಬಾಕೆ ಬಾಯಿಗೆ ಸೆರಗು ಹಿಡಿದು, "ಮದುವಿ ಆಗದ ಹುಡುಗಿ, ನಿನಗ ಇದನ್ನೆಲ್ಲ ಯಾರ ಕಲಿಸಿದ್ರವ್ವ?" ಎಂದಳು.

"ಓದೀನಿ, ಅಕ್ಕ."

"ನೋಡ್ರೇ, ಓದಿಸಿದ್ರ ಹಿಂಗಾಕ್ಕತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕೇಳಿಸಿಕೊಂಡ ಹೆಂಗಸರು ಹೋಗುವಾಗ ಒಬ್ಬೊಬ್ಬರೇ ಹತ್ತಿರ ಬಂದು ಪಿಸುಗುಟ್ಟುತ್ತಿದ್ದರು. ಆ ಪಿಸುಮಾತಿಗಾಗಿ ನಾನು ಕಾಯುತ್ತಿದ್ದೆ. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ.

ಮೊದಲ ಸಂಬಳದಲ್ಲಿ ಅವ್ವನಿಗೆ ಕೆನೆ ಬಣ್ಣದ ಸೀರೆ ತಂದೆ. ಅವಳು ಅದನ್ನು ಮೂಸಿ ನೋಡಿ, ಕಣ್ಣಿಗೊತ್ತಿಕೊಂಡು ಟ್ರಂಕಿನೊಳಗಿಟ್ಟಳು. ಉಡಲೇ ಇಲ್ಲ. ಭಾನುವಾರವೂ ಗಣಿ ಸೀರೆಯಲ್ಲೇ ಇರುತ್ತಿದ್ದಳು. ಕೇಳಿದರೆ ಧೂಳಾಗುತ್ತದೆ ಅನ್ನುತ್ತಿದ್ದಳು.

"ಮನ್ಯಾಗ ಎಲ್ಲಿ ಐತವ್ವ ಧೂಳು? ಮಗಳು ತಂದದ್ದು ನಿನಗ ಬ್ಯಾಡಾತೇನು?"

"ನಿನ್ನ ಮದುವ್ಯಾಗ ಉಡ್ತೀನಿ. ಗಂಡನ್ನ ಹುಡುಕ್ಕೊ ಮೊದಲ."

ಮಾತು ಮದುವೆಗೆ ತಿರುಗಿದ್ದರಿಂದ ನಾನು ಸಿಟ್ಟಾಗಿ ಎದ್ದು ಹೋದೆ. ಅವಳಿಗೆ ಬೇಕಾದದ್ದೂ ಅದೇ ಎಂದು ಆಗ ತಿಳಿಯಲಿಲ್ಲ.

ಕೆಲವು ತಿಂಗಳಾದ ಮೇಲೆ ನಮ್ಮೂರಿನಲ್ಲೇ ತಪಾಸಣೆಯ ಶಿಬಿರ ಮಾಡಿದೆವು. ಪ್ಲಾಟಿನ ಹೆಂಗಸರೆಲ್ಲ ಬಂದರು. ಸಾಲಿನಲ್ಲಿ ಅವ್ವನೂ ಇದ್ದಳು. ನರ್ಸು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಏನಮ್ಮ, ಮೈಯಾಗ ರಕ್ತನ ಇಲ್ಲ, ಕಬ್ಬಿಣದ ಅಂಶ ಭಾಳ ಕಡಿಮಿ ಐತಿ" ಎಂದರು. "ದಿನಾ ಕಬ್ಬಿಣದ ಧೂಳ ತಿಂತೀನಲ್ರೀ ಸಿಸ್ಟರ್, ಇನ್ನ ಎಷ್ಟ ತಿನ್ನಬೇಕು?" ಎಂದಳು ಅವ್ವ. ಸಾಲಿಗೆ ಸಾಲೇ ನಕ್ಕಿತು. ಕೆಂಪು ಗುಳಿಗೆಯ ಪೊಟ್ಟಣ ಕೊಟ್ಟು ಕಳಿಸಿದರು.

ಅವತ್ತು ಫಾರಂ ತುಂಬುತ್ತಿದ್ದವಳು ನಾನು. ಪ್ರತಿಯೊಬ್ಬ ಹೆಂಗಸನ್ನೂ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಮುಟ್ಟಿನ ಬಗ್ಗೆ ಕೇಳಿ ಬರೆದುಕೊಳ್ಳುತ್ತಿದ್ದೆ. ಅವ್ವನ ಸರದಿ ಬಂದಾಗ ಕೇಳಲಿಲ್ಲ. ಅವ್ವನದು ನನಗೆ ಗೊತ್ತಿಲ್ಲವೇ? "ಮುಟ್ಟು: ನಿಂತಿದೆ. ತೊಂದರೆ: ಏನೂ ಇಲ್ಲ." ನನ್ನ ಕೈಯಾರೆ ಬರೆದೆ. ಅವ್ವ ಎದುರಿಗೇ ನಿಂತಿದ್ದಳು. ನಾನು ಬರೆಯುವುದನ್ನು ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಪ್ಲಾಟು ನಿಂತಿತು. ಅವ್ವ ಜ್ವರ ಬಂದು ಮಲಗಿದಳು. ಎಂಟು ದಿನ ಅಂಗಳಕ್ಕೂ ಇಳಿಯಲಿಲ್ಲ. ಅವಳ ಸೀರೆ ಒಗೆಯುವುದು ಮೊದಲಿನಿಂದಲೂ ನನ್ನ ಕೆಲಸ. ಆ ವಾರ ಮಾತ್ರ, "ನೀ ಮುಟ್ಟಬ್ಯಾಡ, ನಾನ ಒಗೀತೀನಿ" ಎಂದು ಹಟ ಹಿಡಿದಳು. ಬಕೆಟ್ಟಿನಲ್ಲಿ ನೆನೆಸಿದಳು, ಆದರೆ ಎದ್ದು ನಿಲ್ಲಲಾಗದೆ ಮತ್ತೆ ಮಲಗಿದಳು.

ಸಂಜೆ ನಾನು ಬಚ್ಚಲಿಗೆ ಹೋದೆ. ಬಕೆಟ್ಟಿನ ನೀರು ಕೆಂಪಾಗಿತ್ತು. ವರ್ಷಗಳಿಂದ ನೋಡಿದ ಕೆಂಪು, ಎತ್ತಿ ಚೆಲ್ಲಲು ಹೋದೆ. ಕೈ ನಿಂತಿತು. ಅದಿರಿನ ಧೂಳಿನ ನೀರು ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತದೆ. ಧೂಳು ತಳಕ್ಕೆ ಕೂರುತ್ತದೆ, ಬೆರಳಿಗೆ ಮರಳಿನ ಹಾಗೆ ಹತ್ತುತ್ತದೆ. ಈ ನೀರು ಬೆಳಗಿನಿಂದ ಅಲುಗಾಡದೆ ನಿಂತಿತ್ತು, ಆದರೂ ಮೇಲಿಂದ ಕೆಳಗಿನವರೆಗೆ ಕೆಂಪಾಗಿಯೇ ಇತ್ತು. ತಳದಲ್ಲಿ ಕೈಯಾಡಿಸಿದೆ. ಏನೂ ಸಿಗಲಿಲ್ಲ. ಎಂಟು ದಿನ ಮನೆ ಬಿಟ್ಟು ಹೊರಡದವಳ ಸೀರೆಗೆ ಧೂಳೆಲ್ಲಿಂದ ಬರಬೇಕು?

ಒಳಗೆ ಬಂದೆ. ಅವ್ವ ಗೋಡೆಯ ಕಡೆ ಮುಖ ಮಾಡಿದ್ದಳು.

"ಎಷ್ಟ ದಿನದಿಂದ ಅವ್ವ?"

"ಎರಡು ದೀಪಾವಳಿ ಆತು."

"ನನಗ್ಯಾಕ ಹೇಳಲಿಲ್ಲ?"

"ಗಂಡ ಸತ್ತಾಕಿ, ಮುಟ್ಟು ನಿಂತಾಕಿ. ರಕ್ತ ಹೋಗ್ತೈತಿ ಅಂದ್ರ ಮಂದಿ ಏನ ತಿಳ್ಕಂತಾರ? ಎಲ್ಲೋ ಹೋಗಿ ಬಸರ ತೆಗಿಸಿಕೊಂಡು ಬಂದಾಳ ಅಂತಾರ. ಮದುವಿಗೆ ಬಂದ ಮಗಳು ಮನ್ಯಾಗ."

"ನಾ ಏನ ಮಂದಿ ಏನವ್ವ? ಊರೂರು ತಿರುಗಿ ಇದನ್ನ ಹೇಳ್ತೀನಲ್ಲ?"

"ನೀ ಕೇಳ್ತಿ ಅನಕಂಡಿದ್ದೆ," ಎಂದಳು. "ಅವತ್ತ ಸಾಲಿನ್ಯಾಗ ಎಲ್ಲಾರ್ನೂ ಕೇಳಿದಿ. ನನಗೂ ಕೇಳಿದ್ರ ಹೇಳಿಬಿಡಬೇಕು ಅಂತ ಬಂದಿದ್ದೆ. ನೀ ಕೇಳಲಿಲ್ಲ. ಬರದಬಿಟ್ಟಿ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊಸಪೇಟೆಯಲ್ಲಿ ನೋಡಿದ ಡಾಕ್ಟರಮ್ಮ ಬಳ್ಳಾರಿಗೆ ಬರೆದುಕೊಟ್ಟರು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸುತ್ತಲೂ ಹಬ್ಬಿತ್ತು. ಮೊದಲೇ ಬಂದಿದ್ದರೆ ಉಳಿಸುವ ದಾರಿಗಳಿದ್ದವು ಎಂದು ಅಲ್ಲಿನ ಡಾಕ್ಟರು ನನಗೆ ವಿವರಿಸಲು ಹೊರಟರು. ನನ್ನ ಓದು, ಕೆಲಸ ಕೇಳಿ ತಿಳಿದ ಮೇಲೆ ಅರ್ಧಕ್ಕೇ ನಿಲ್ಲಿಸಿದರು. ಅದನ್ನು ನಾನೇ ಬೇರೆಯವರಿಗೆ ಹೇಳುತ್ತಿದ್ದೆನಲ್ಲ. ಚಿಕಿತ್ಸೆ ಕೊಡಿಸಿದೆ. ಐದು ತಿಂಗಳು ಬದುಕಿದಳು. ಕೊನೆಕೊನೆಗೆ ನೋವಿಗೆ ಹಲ್ಲು ಕಚ್ಚಿಕೊಂಡೇ, "ನೀ ಕೆಲಸಕ್ಕ ಹೋಗು, ರಜಾ ಹಾಕಬ್ಯಾಡ" ಅನ್ನುತ್ತಿದ್ದಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಪ್ಲಾಟಿನ ಹೆಂಗಸರು ಮಾತಾಡಿಸಲು ಬಂದರು. ಅವರಲ್ಲೊಬ್ಬಳು ಅವ್ವನ ಜೊತೆ ಒಂದೇ ಜರಡಿ ಹಿಡಿಯುತ್ತಿದ್ದವಳು. ಜರಡಿಯ ಆ ಬದಿ ಅವಳು, ಈ ಬದಿ ಅವ್ವ. "ಧೂಳ ಅಲ್ಲೇನ ಯವ್ವಾ? ಧೂಳ ಕುಡದ ಕುಡದ ಎದಿ ಒಣಗಿತ್ತೇನೋ" ಎಂದಳು.

ಡಿಗ್ರಿ ಓದಿದವಳು, ಹತ್ತಾರು ಊರಲ್ಲಿ ಭಾಷಣ ಮಾಡಿದವಳು, ತಲೆಯಾಡಿಸಿದೆ. "ಹೂಂ ಅಕ್ಕ, ಧೂಳು." ಸತ್ತ ಮೇಲೂ ಅವ್ವನ ಮೇಲೆ ಮಾತು ಬರಬಾರದು ಅನ್ನಿಸಿತು. ಎರಡು ದೀಪಾವಳಿ ಅವ್ವ ಹೆದರಿದ್ದೂ ಇದೇ ಮಾತಿಗೆ.

ಆಕೆ ನಿಟ್ಟುಸಿರು ಬಿಟ್ಟು ಎದ್ದಳು. ಮಧ್ಯಾಹ್ನದ ಬಿಸಿಲು. ಅವಳಿಗೂ ಅವ್ವನಷ್ಟೇ ವಯಸ್ಸು. ಬಾಗಿಲು ದಾಟಿ, ಬೀದಿಗಿಳಿದು, ಕೆಂಪು ಸೀರೆಯಲ್ಲಿ ನಿಧಾನಕ್ಕೆ ನಡೆದು ಹೋಗುತ್ತಿದ್ದಳು. ನಾನು ಚಪ್ಪಲಿ ಇಲ್ಲದೆ ಓಡಿದೆ. ನಡುಬೀದಿಯಲ್ಲಿ ಕೈ ಹಿಡಿದು, ಧೂಳಲ್ಲ ಎಂದೆ. ಅವ್ವ ಯಾವುದರಿಂದ ಸತ್ತಳೆಂದು, ಎಲ್ಲಿಂದ ರಕ್ತ ಹೋಗುತ್ತಿತ್ತೆಂದು ಹೇಳಿದೆ. ನಿನಗೂ ಹಾಗೇನಾದರೂ ಇದೆಯಾ ಎಂದು ಕೇಳಿದೆ.

ಆಕೆ ಗಾಬರಿಯಾಗಿ ಬೀದಿಯ ಎರಡೂ ಬದಿ ನೋಡಿದಳು.

"ಮೆತ್ತಗ ಮಾತಾಡ ಯವ್ವಾ. ಮಂದಿ ಕೇಳ್ತಾರ."

ನನಗೆ ಮೆತ್ತಗೆ ಮಾತಾಡಲು ಆಗಲಿಲ್ಲ. ಅಳುತ್ತಲೇ ಮತ್ತೆ ಕೇಳಿದೆ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ, ಇನ್ನೊಂದು ಕೈಯಿಂದ ಕೆಂಪು ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.