ಹುಣ್ಣಿಮೆ ದಿನದ ಇಂಗ್ಲಿಷ್ ಪಾಠ

ಭಾಗೀರಥಿ ಅಕ್ಕೋರು ಇಂಗ್ಲಿಷ್ ಕಲಿಸಲು ಬಂದವರಲ್ಲ. ಮುರಗೋಡದಲ್ಲಿ ಹುಟ್ಟಿ, ಇತಿಹಾಸ ಓದಿ, ಸುರೇಬಾನದ ಆಚೆಗಿರುವ ನಮ್ಮ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಬಂದವರು. ಇಂಗ್ಲಿಷ್ ಮಾಸ್ತರರಿಗೆ ವರ್ಗವಾದಾಗ, ಹೊಸಬರು ಬರುವವರೆಗೆ ಒಂದೆರಡು ತಿಂಗಳು ನೋಡಿಕೊಳ್ಳಿ ಎಂದು ಹೆಡ್ ಮಾಸ್ತರರು ಅವರ ಕೈಗೆ ಪುಸ್ತಕ ಕೊಟ್ಟರು. ಆ ಒಂದೆರಡು ತಿಂಗಳು ಹನ್ನೊಂದು ವರ್ಷವಾದರೂ ಮುಗಿದಿಲ್ಲ. ನಾನು ಅದೇ ಸಾಲೆಯ ವಿಜ್ಞಾನದ ಮಾಸ್ತರ. ವೇಳಾಪಟ್ಟಿ ಹಾಕುವ ಕೆಲಸವೂ ನನ್ನದೇ.

ಕತೆ, ಪದ್ಯ, ಪತ್ರ ಬರೆಯುವುದು ಎಲ್ಲವನ್ನೂ ಅಕ್ಕೋರು ಹೇಗೋ ದಾಟಿಸುತ್ತಿದ್ದರು. ಒಂದೇ ಒಂದು ಪಾಠ ಬಂತೆಂದರೆ ಮಾತ್ರ ಬಾಯಿ ಒಣಗುತ್ತಿತ್ತು. ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳಾದ ಮೇಲೆ ‘ಟು’ ಹಚ್ಚಬೇಕು, ಕೆಲವುಗಳ ಮೇಲೆ ‘ಇಂಗ್’ ಹಚ್ಚಬೇಕು. ‘ವಾಂಟ್’ ಅಂದರೆ ‘ಟು ರೀಡ್’, ‘ಎಂಜಾಯ್’ ಅಂದರೆ ‘ರೀಡಿಂಗ್’. ಯಾವುದಕ್ಕೆ ಯಾವುದು, ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಒಮ್ಮೆ ಬೈಲಹೊಂಗಲದ ತರಬೇತಿಯಲ್ಲಿ ಎದ್ದು ನಿಂತು ‘ಐ ಎಂಜಾಯ್ ಟು ಟೀಚ್’ ಅಂದುಬಿಟ್ಟರಂತೆ. ನಲವತ್ತು ಮಂದಿ ಶಿಕ್ಷಕರು ನಕ್ಕರು. ನಕ್ಕವರಲ್ಲಿ ಎಷ್ಟು ಜನರಿಗೆ ಸರಿ ಉತ್ತರ ಗೊತ್ತಿತ್ತೋ ದೇವರೇ ಬಲ್ಲ. ಆದರೆ ಆ ನಗು ಅಕ್ಕೋರ ಕಿವಿಯಿಂದ ಹೋಗಲೇ ಇಲ್ಲ.

ಅದಕ್ಕೆ ಅವರು ಒಂದು ದಾರಿ ಹುಡುಕಿಕೊಂಡರು. ಬನದ ಹುಣ್ಣಿಮೆಗೆ ನಮ್ಮ ಕಡೆಯ ಮಂದಿಯೆಲ್ಲ ಎಲ್ಲವ್ವನ ಗುಡ್ಡದ ಜಾತ್ರೆಗೆ ಹೋಗುತ್ತಾರೆ. ಅಂದು ಸಾಲೆಗೆ ರಜೆ ಇರುವುದಿಲ್ಲ, ಮಕ್ಕಳೂ ಇರುವುದಿಲ್ಲ. ಪ್ರತಿ ವರ್ಷ ಆ ಪಾಠವನ್ನು ಅಕ್ಕೋರು ಅಂದೇ ಮಾಡುತ್ತಿದ್ದರು. ನಾಲ್ಕೈದು ಮಕ್ಕಳ ಎದುರು ಹಲಗೆಯ ಮೇಲೆ ಎರಡು ಪಟ್ಟಿ ಬರೆದು, ಯಾರೂ ಬಾಯಿ ತೆರೆಯುವ ಮೊದಲೇ ಅಳಿಸಿ, ಪಾಠ ಮುಗಿಯಿತು ಎಂದು ದಿನಚರಿಯಲ್ಲಿ ಬರೆದುಬಿಟ್ಟರೆ ಒಂದು ವರ್ಷ ಜೀವ ನಿರಾಳ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನ ಹತ್ತನೇ ತರಗತಿಯ ನನ್ನ ಅವಧಿ ಬಿಟ್ಟುಕೊಡುತ್ತಿದ್ದೆ, ಮೇಲೆ ಅದನ್ನೇ ಹಿಡಿದು ಅವರಿಗೆ ಚೇಷ್ಟೆಯನ್ನೂ ಮಾಡುತ್ತಿದ್ದೆ.

ಈ ವರ್ಷದ ಹುಣ್ಣಿಮೆಗೆ ತರಗತಿಯಲ್ಲಿ ಇದ್ದವಳು ದುರ್ಗಾ ಒಬ್ಬಳೇ. ಮೊದಲ ಬೆಂಚಿಗೆ ಬಂದು, ಪೆನ್ನಿನ ಟೋಪಿ ತೆಗೆದು ಕೂತಿದ್ದಳು. ಅಕ್ಕೋರು ಹಲಗೆಯ ಕಡೆ ಹೋಗದೆ ಅವಳ ಹತ್ತಿರ ಬಂದರು. ಗುಡ್ಡಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದರು.

“ಈ ಪಾಠ ನೀವು ಹುಣ್ಣಿಮಿ ದಿನಾನ ಮಾಡತೀರಿ ಅಂತ ನಮ್ಮ ಅಕ್ಕ ಹೇಳ್ಯಾಳ್ರಿ. ಅಕಿ ಅವತ್ತ ತಪ್ಪಿಸಿದ್ಲಂತ. ಇಂಗ್ಲಿಷಿನ್ಯಾಗ ಎರಡ ಮಾರ್ಕಿಗೆ ಫೇಲಾದ್ಲು. ನೀ ತಪ್ಪಿಸಬ್ಯಾಡ ಅಂತ ಮನ್ಯಾಗ ಜಗಳಾ ಮಾಡಿ ನನ್ನ ಉಳಿಸ್ಯಾಳ್ರಿ.”

ಅವಳ ಅಕ್ಕ ತಂಗೆವ್ವ ನಾಲ್ಕು ವರ್ಷದ ಹಿಂದೆ ನಮ್ಮಲ್ಲೇ ಓದಿದವಳು. ಫೇಲಾದ ಮೇಲೆ ಮತ್ತೆ ಪರೀಕ್ಷೆಗೆ ಕೂಡದೆ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದಾಳೆ.

ಅಕ್ಕೋರು ನೇರವಾಗಿ ಸ್ಟಾಫ್ ರೂಮಿಗೆ, ನನ್ನ ಹತ್ತಿರ ಬಂದರು. ಎಲ್ಲವನ್ನೂ ಹೇಳಿ, ಸಂಜೆ ತಂಗೆವ್ವನ ಮನೆಗೆ ಹೋಗಬೇಕು, ಒಬ್ಬಳೇ ಹೋಗಲು ಅಂಜಿಕೆ, ಜೊತೆಗೆ ಬನ್ನಿ ಅಂದರು. ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ, ಯಾರಿಗೆ ಗೊತ್ತಾಗುತ್ತದೆ ಎಂದು ತಡೆದೆ. ಖರೆ ಹೇಳಬೇಕೆಂದರೆ ಅಂಜಿಕೆ ನನಗೂ ಇತ್ತು. ಊರಲ್ಲಿ ಮಾತು ಹಬ್ಬಿದರೆ ಅವಧಿ ಬಿಟ್ಟುಕೊಟ್ಟ ನನ್ನ ಹೆಸರೂ ಬರುತ್ತಿತ್ತು. ಆದರೂ ಹೋದೆ.

ತಂಗೆವ್ವನ ಮನೆಯ ಕಟ್ಟೆಯ ಹತ್ತಿರ ಅಕ್ಕೋರ ಕಾಲು ನಿಂತುಬಿಟ್ಟಿತು. ತಿರುಗಿ ಹೋಗೋಣ ಎಂದು ಎರಡು ಸಲ ಅಂದರು. ಅಷ್ಟರಲ್ಲಿ ತಂಗೆವ್ವ ನೋಡಿ, ಹೊಲಿಗೆ ಬಿಟ್ಟು ಎದ್ದು ಬಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಅಕ್ಕೋರು ನೀರು ಮುಟ್ಟಲಿಲ್ಲ.

“ಆ ಪಾಠ ನನಗ ಬರ್ತಿರಲಿಲ್ಲವ್ವಾ,” ಅಂದರು. “ಯಾರರ ಕೇಳಿದ್ರ ಏನ ಮಾಡ್ಲಿ ಅಂತ ಅಂಜಿ, ನೀವ್ಯಾರೂ ಇರದ ದಿನಾ ನೋಡೇ ಮಾಡತಿದ್ದೆ.”

ತಂಗೆವ್ವ ಬಯ್ಯುತ್ತಾಳೆಂದು ನಾನು ಕಾಯುತ್ತಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು.

“ನಾ ಗುಡ್ಡಕ್ಕ ಹೋಗಿದ್ದ ತಪ್ಪಾತು ಅಂತ ತಿಳದಿದ್ದೆರಿ,” ಅಂದಳು. “ನಾಕ ವರ್ಷಾತು, ಆಮ್ಯಾಲ ಗುಡ್ಡಾ ಹತ್ತಿಲ್ರಿ ನಾ.”

ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೆ ತಲೆ ಎತ್ತಲಾಗಲಿಲ್ಲ. ಹುಡುಗರೆಲ್ಲ ಗುಡ್ಡದಿಂದ ಬಂದ ಮೇಲೆ ಸೋಮವಾರ ಆ ಪಾಠವನ್ನು ಮೊದಲಿನಿಂದ ಮಾಡುತ್ತೇನೆ, ಬಾರದ್ದನ್ನು ಬಾರದು ಅಂತಲೇ ಹೇಳುತ್ತೇನೆ ಎಂದು ಅಕ್ಕೋರು ಅಳುತ್ತಲೇ ಹೇಳಿದರು.

“ನಾನೂ ಬಂದ ಕುಂದರ್ಲೇನ್ರಿ?” ಎಂದು ತಂಗೆವ್ವ ಕೇಳಿದಳು.

ಅಕ್ಕೋರು ಆಗ ಮುಟ್ಟದೆ ಇಟ್ಟಿದ್ದ ನೀರನ್ನು ಎತ್ತಿ ಕುಡಿದರು. ಬಾ ಅಂದರು.