ಸ್ವಿಚ್ ಹಾಕಿದ ಕೈ

ಟಿಕೋಟಾದಲ್ಲಿ ನಂದಾಳನ್ನು ಕಂಡವರು ಮೊದಲು ಮುಖ ನೋಡುವುದಿಲ್ಲ, ಬಲಗೈ ನೋಡುತ್ತಾರೆ. ನೋಡಿ ಸುಮ್ಮನೆ ಹೋಗುವ ಪೈಕಿಯೂ ಅಲ್ಲ. ಹಿಟ್ಟಿನ ಗಿರಣಿಯ ಮುಂದೆ, ವಿಜಯಪುರದ ಬಸ್ಸಿನಲ್ಲಿ, ಪಕ್ಕದವಳ ಕಿವಿಗೆ ಬಾಯಿ ಹಚ್ಚಿ, "ಅದಽ ನೋಡ ಆ ಕೈ" ಎಂದು ಅಂದೇ ತೀರುತ್ತಾರೆ. ಆ ಕೈ ಮಾಡಿದ ತಪ್ಪು ಇಷ್ಟು: ಗಂಡ ಸ್ವಿಚ್ ಹಾಕು ಎಂದ, ಅದು ಹಾಕಿತು, ಗಂಡ ಸತ್ತ. ಊರಿಗೆ ಇಷ್ಟು ಸಾಕಾಯಿತು. ಬಾಯಿಗೆ ಬಂದದ್ದು ಆಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ನಂದಾ ಘೋಣಸಗಿಯ ಒಕ್ಕಲು ಮನೆಯ ಮಗಳು. ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ಟಿಕೋಟಾದ ಶಿವಶರಣಪ್ಪನ ಮನೆಗೆ ಸೊಸೆಯಾಗಿ ಬಂದಳು. ಶಿವಶರಣಪ್ಪ ಬಟ್ಟೆಯ ಗಂಟು ಹೊತ್ತು ಬಬಲೇಶ್ವರ, ಮಮದಾಪುರದ ಸಂತೆ ಸುತ್ತಿದ ಮನುಷ್ಯ. ಅವನಿಗೆ ಮತ್ತು ಮುರಿಗೆವ್ವನಿಗೆ ಒಬ್ಬನೇ ಮಗ, ಸಂಗನಬಸವ, ಎಲ್ಲರಿಗೂ ಸಂಗು. ಸಂಗು ವಿಜಯಪುರದ ಫರ್ನಿಚರ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಾಗಿಲಿನ ಮೇಲೆ ಹೂಬಳ್ಳಿ ಕೆತ್ತುವ ಸಿಎನ್‌ಸಿ ಯಂತ್ರ ನೋಡಿ ಬಂದವನಿಗೆ ಊಟ ನಿದ್ದೆ ಎರಡೂ ಬೇಡವಾದವು. ಅಂಥದ್ದೇ ಒಂದು ಸಣ್ಣದನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ತಾನೇ ಕಟ್ಟುತ್ತೇನೆಂದು ಹಟ ಹಿಡಿದ.

ಕಟ್ಟಿದ ಕೂಡ. ಕಬ್ಬಿಣದ ಮೇಜು, ಅದರ ಮೇಲೆ ಹಿಂದೆ ಮುಂದೆ ಓಡಾಡುವ ಚೌಕಟ್ಟು, ಚೌಕಟ್ಟಿನಿಂದ ಇಳಿಬಿದ್ದು ಗಿರಗಿರ ತಿರುಗುವ ಸ್ಪಿಂಡಲ್, ಅದರ ತುದಿಗೆ ಬಿಟ್ ಎಂಬ ಕಟ್ಟಿಗೆ ಕೊರೆಯುವ ಮೊನೆ. ಇದನ್ನೆಲ್ಲ ಓಡಾಡಿಸುವುದು ಸ್ಟೆಪ್ಪರ್ ಮೋಟಾರುಗಳು. ಸಾದಾ ಮೋಟಾರು ಕರೆಂಟ್ ಕಂಡ ಕೂಡಲೇ ಹುಚ್ಚೆದ್ದು ತಿರುಗುತ್ತದೆ. ಸ್ಟೆಪ್ಪರ್ ಹಾಗಲ್ಲ, ಎಷ್ಟು ಹೆಜ್ಜೆ ಎಂದರೆ ಅಷ್ಟೇ ಹೆಜ್ಜೆ. ಹೆಜ್ಜೆ ಎಣಿಸಿ ಕೊಡುವುದಕ್ಕೆ ಪ್ರತಿಯೊಂದಕ್ಕೂ ಅಂಗೈಯಗಲದ ಒಂದು ಡ್ರೈವ್. ಸಾಮಾನೆಲ್ಲ ಕೊಟ್ಟವನು ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟ ಯುನುಸ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಡುವುದು ನಂದಾಳ ಪಾಲು. ಅವಳ ಕುರ್ಚಿ ಸ್ವಿಚ್ ಬೋರ್ಡಿನ ಪಕ್ಕದಲ್ಲಿತ್ತು.

"ಈ ಮೋಟಾರ ನಿನ್ನಂಗಲ್ಲ ನೋಡ, ಹೇಳಿದಷ್ಟ ಕೇಳತೈತಿ" ಎಂದು ಸಂಗು ಕಾಡಿಸುತ್ತಿದ್ದ.

"ಹಂಗಾರ ರೊಟ್ಟಿನೂ ಅದರ ಕಡಿಂದಽ ಬಡಿಸ್ಕೋರಿ" ಎನ್ನುತ್ತಿದ್ದಳು.

ಆ ವರ್ಷ ಮಳೆಗಾಲದ ಕೊನೆಗೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಕಡಿದುಬಿಡುವ ಶೆಡ್ಡಿನ ಬ್ರೇಕರ್ ಆಗಾಗ ಟಪ್ಪೆಂದು ಬೀಳತೊಡಗಿತು. ಚೌಕಟ್ಟು ಒಂದು ತುದಿಗೆ ಹೋದರೆ ಸಾಕು, ಎಲ್ಲ ಕತ್ತಲೆ. ಸಂಗು ಬೈದುಕೊಳ್ಳುತ್ತ ಎತ್ತುತ್ತಿದ್ದ, ಅದು ಮತ್ತೆ ಬೀಳುತ್ತಿತ್ತು. ಅದೇ ಹೊತ್ತಿಗೆ ಮೊಣಕಾಲು ನೋವೆಂದು ಸಂತೆ ಬಿಟ್ಟು ಮನೆಯಲ್ಲಿ ಕೂತ ಶಿವಶರಣಪ್ಪ ಮಮದಾಪುರದಿಂದ ಒಂದು ಕರು ತಂದ. ಮಹಾ ತುಂಟ ಕರು. ಗೂಟ ಕಿತ್ತುಕೊಂಡು ಓಡುವುದು, ಮುರಿಗೆವ್ವ ಬೆಳೆಸಿದ ಚೆಂಡುಹೂವು ಮೇಯುವುದು, ಮುರಿಗೆವ್ವ ಕರುವನ್ನೂ ಗಂಡನನ್ನೂ ಕೂಡಿಸಿ ಬೈಯುವುದು, ದಿನಾ ಇದೇ. ದಸರೆ ಹತ್ತಿರ ಬಂದಾಗ ಎರಡೂ ಕಾಟ ನಿಂತವು. ಕರು ಗೂಟ ಕೀಳಲಿಲ್ಲ, ಬ್ರೇಕರ್ ಬೀಳಲಿಲ್ಲ. "ನೋಡ, ಹಬ್ಬಕ್ಕ ತಾನಽ ದಾರಿಗೆ ಬಂತು" ಎಂದು ಸಂಗು ಹಿಗ್ಗಿದ.

ಖಂಡೆ ಪೂಜೆಯ ದಿನ ಶೆಡ್ಡನ್ನು ತೊಳೆದರು. ಯಂತ್ರಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ಅದರ ನೀರು ಚಿಮುಕಿಸಿದರು. ದುಡಿದು ಹಾಕುವ ವಸ್ತುವಿನ ಮುಂದೆ ಅವತ್ತು ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಪೂಜೆಯಾದ ಮೇಲೆ ಮನೆಯ ಲಕ್ಷ್ಮಿಯ ಕೈಯಿಂದ ಚಾಲೂ ಮಾಡಿಸುವುದು ಪದ್ಧತಿ. ಸಂಗು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಎರಡೂ ಕೈ ಚೌಕಟ್ಟಿನ ಮೇಲಿಟ್ಟು, ಹಣೆ ಹಚ್ಚಿ, "ನಂದಾ, ಹಾಕು" ಎಂದ.

ಅವಳು ಹಾಕಿದಳು. ಗಂಡ ತಲೆ ಎತ್ತಲಿಲ್ಲ. ಇಷ್ಟು ಹೊತ್ತು ಏನು ಬೇಡಿಕೊಳ್ಳುತ್ತಿದ್ದಾನೋ ಎಂದು ಅವಳಿಗೆ ನಗು ಬಂತು. ಆ ನಗು ನೆನಪಾದರೆ ಇವತ್ತಿಗೂ ಅವಳು ಉಣ್ಣುವ ತಾಟು ಬಿಟ್ಟು ಏಳುತ್ತಾಳೆ.

ಕರೆಂಟ್ ಹೊಡೆಯಿತು ಎಂದರು, ಮುಗಿಯಿತು. ಬ್ರೇಕರ್ ಯಾಕೆ ಬೀಳಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳುವ ದರ್ದು ಯಾರಿಗಿತ್ತು? ಸ್ವಿಚ್ ಹಾಕಿದ ಕೈ ಕಣ್ಣ ಮುಂದೆಯೇ ಇತ್ತು. ಹೆಣ ಎತ್ತುವ ಮೊದಲೇ ಮುರಿಗೆವ್ವ ಆ ಕೈ ಹಿಡಿದೆಳೆದು ಎಲ್ಲರಿಗೂ ತೋರಿಸಿ, "ಇದಽ ನನ್ನ ಮಗನ ತಿಂದ ಕೈ" ಎಂದು ಕೂಗಿದಳು. ಆಮೇಲೆ ನಂದಾ ಬಡಿಸಿದ್ದನ್ನು ಅವಳು ಉಣ್ಣಲಿಲ್ಲ, ತಾನೇ ಬೇರೆ ರೊಟ್ಟಿ ಬಡಿದುಕೊಂಡಳು. ನಂದಾಳಿಗೂ ಆ ಮಾತು ಸುಳ್ಳೆನಿಸಲಿಲ್ಲ. ಅಂದಿನಿಂದ ಅವಳು ಯಾವ ಸ್ವಿಚ್ಚನ್ನೂ ಬಲಗೈಯಿಂದ ಮುಟ್ಟಲಿಲ್ಲ, ಅಡುಗೆಮನೆಯ ದೀಪವನ್ನು ಸಹ ಎಡಗೈಯಿಂದಲೇ ಹಾಕುತ್ತಿದ್ದಳು.

ಯಂತ್ರವನ್ನು ಗುಜರಿಗೆ ಹಾಕಿ, ಸೊಸೆಯನ್ನು ಘೋಣಸಗಿಗೆ ಕಳಿಸಬೇಕೆಂದು ಮುರಿಗೆವ್ವ ದಿನಾ ರಂಪ ಮಾಡುತ್ತಿದ್ದಳು. ಅಡ್ಡ ನಿಂತವನು ಶಿವಶರಣಪ್ಪ ಒಬ್ಬನೇ. "ಮಗ ಕಟ್ಟಿದ್ದು ಅದೊಂದಽ ಉಳದೈತಿ. ಆಕಿಗೆ ತಿಳಿತೈತಿ, ಆಕಿ ನಡಸ್ಲಿ" ಎಂದ. ಅವನು ಹಾಗೆ ಹೇಳಿದ ದಿನ ನಂದಾ ಶೆಡ್ಡಿನ ಬಾಗಿಲು ತೆಗೆದಳು. ಮಾಲೆ ಯಂತ್ರದ ಮೇಲೆಯೇ ಒಣಗಿ ಪುಡಿಯಾಗಿತ್ತು.

ಯುನುಸ ಬಂದು ನೋಡಿದ. ಸ್ಪಿಂಡಲ್ಲಿನ ವೈರು ಚೌಕಟ್ಟಿನ ಅಂಚಿಗೆ ತಿಕ್ಕಿ ತಿಕ್ಕಿ ಸಿಪ್ಪೆ ಸುಲಿದಿತ್ತು. ಅದನ್ನು ಕಣ್ಣೊರೆಸಿಕೊಳ್ಳುತ್ತಲೇ ಬದಲಿಸಿದ. ಎರಡು ಡ್ರೈವ್ ಸುಟ್ಟಿದ್ದವು, ಬೇರೆ ಕೊಟ್ಟ. ಉಳಿದದ್ದನ್ನು ಫೋನಿನಲ್ಲಿ ಕೇಳುತ್ತ ಮಾಡು ಎಂದು ಹೇಳಿ ಹೋದ.

ನಂದಾ ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿ, ಹಲಗೆಯ ಮೇಲೆ ನಿಂತು ಕೆಲಸ ಹಿಡಿದಳು. ಮೊದಲ ಮೋಟಾರು ತಿರುಗದೆ ಚಳಿ ಬಂದವರಂತೆ ನಡುಗಿತು. ಅದರ ನಾಲ್ಕು ವೈರು ಎರಡು ಜೋಡಿ; ಜೋಡಿ ತಪ್ಪಿದರೆ ಹೀಗೇ ಎಂದ ಯುನುಸ. ಅವಳು ಕರೆಂಟ್ ಪೂರ್ತಿ ತೆಗೆದು, ಎರಡೆರಡು ವೈರು ಒಂದಕ್ಕೊಂದು ಮುಟ್ಟಿಸಿ ಮೋಟಾರಿನ ತಿರುಗಣಿಯನ್ನು ಬೆರಳಿಂದ ತಿರುವಿದಳು. ಸಲೀಸಾಗಿ ತಿರುಗಿದರೆ ಜೋಡಿಯಲ್ಲ. ಬಿಗಿ ಹಿಡಿದರೆ ಜೋಡಿ. ಬಿಗಿ ಸಿಕ್ಕಿತು. ಆಮೇಲೆ ಚೌಕಟ್ಟು ಹೇಳಿದ್ದರಲ್ಲಿ ಅರ್ಧ ದೂರ ಮಾತ್ರ ಹೋಗಿ ನಿಂತಿತು. ಹೊಸ ಡ್ರೈವಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಗುಂಡಿಗಳಿರುತ್ತವೆ, ಒಂದೊಂದು ಹೆಜ್ಜೆಯನ್ನು ಎಷ್ಟು ಚೂರು ಮಾಡಬೇಕೆಂದು ಹೇಳುವವು. ಹಳೆಯದಕ್ಕೂ ಹೊಸದಕ್ಕೂ ಅವು ಹೊಂದಿರಲಿಲ್ಲ. ತಲೆಪಿನ್ನಿನಿಂದ ಸರಿಸಿದಳು, ಅಳತೆ ಕೂಡಿತು. ಅವತ್ತು ಅವಳಿಗೆ ಹಸಿವಾಯಿತು. ಎಷ್ಟೋ ತಿಂಗಳ ಮೇಲೆ ಆದ ಹಸಿವು.

ಬಬಲೇಶ್ವರದವರೊಬ್ಬರು ಹೊಸ ಮನೆಯ ಬಾಗಿಲ ಮೇಲಿಡಲು 'ಶರಣ ನಿಲಯ' ಎಂದು ತೇಗದ ಹಲಗೆಯಲ್ಲಿ ಕೆತ್ತಿ ಕೊಡಲು ಹೇಳಿದರು. ಶಿವಶರಣಪ್ಪನ ಹಳೆಯ ಗಿರಾಕಿಗಳು. ನಂದಾ ಮೊದಲು ಚಿಲ್ಲರೆ ಹಲಗೆಯ ಮೇಲೆ ಕೆತ್ತಿ ನೋಡಿದಳು. 'ಶ' ನೆಟ್ಟಗಿತ್ತು, 'ರ' ವಾಲಿತು, 'ಣ' ಪಕ್ಕಕ್ಕೆ ಜಾರಿ ಅದರ ಮೇಲೆಯೇ ಕೂತಿತು. ಸ್ಪಿಂಡಲ್ ಬಂದ್ ಮಾಡಿ, ಬಿಟ್ಟಿನ ಜಾಗದಲ್ಲಿ ಪೆನ್ನು ಕಟ್ಟಿ ಬರೆಸಿದರೆ ಅಕ್ಷರ ಮುತ್ತು ಪೋಣಿಸಿದಂತೆ ಬರುತ್ತಿದ್ದವು. ಸ್ಪಿಂಡಲ್ ಹಾಕಿದ ಕೂಡಲೇ ಮೋಟಾರುಗಳಿಗೆ ಹೆಜ್ಜೆ ತಪ್ಪುತ್ತಿತ್ತು.

"ಮಾಡಿದ್ದ ಸಾಲಲಿಲ್ಲೇನ? ಈಗ ಕಟಗಿ ಹಾಳ ಮಾಡಾಕತ್ತಾಳ" ಎಂದು ಮುರಿಗೆವ್ವ ಹಿತ್ತಲಿಂದ ಅಂದಳು.

ನಂದಾ ಯುನುಸನಿಗೆ ಫೋನ್ ಮಾಡಿದಳು.

"ಸ್ಪಿಂಡಲ್ ಕರೆಂಟಿನ ಗದ್ದಲ ಡ್ರೈವಿಗೆ ಹೊಕ್ಕಾಕತ್ತೈತಿ, ತಂಗಿ," ಎಂದ ಅವನು. "ಆ ಗದ್ದಲ ನೆಲಕ್ಕ ಹೋಗಬೇಕು. ಹಸಿರ ವೈರ್ ಐತಲ್ಲ, ಅರ್ಥಿಂಗ್ ವೈರ್, ಅದು ಸಡಲ ಆಗಿರಬೇಕ ನೋಡು. ಅದಕ್ಕಂತ ಸಂಗು ನೆಲದಾಗ ಕಬ್ಬಿಣದ ಸರಳ ಬಡದಾನ, ವೈರ್ ಬಿಗಿಯೋ ಕ್ಲಾಂಪ್ ನಾನಽ ಕೊಟ್ಟೀನಿ."

ನಂದಾ ಹಸಿರು ವೈರನ್ನು ಬೆರಳಲ್ಲಿ ಹಿಡಿದುಕೊಂಡೇ ಹೊರಟಳು. ಅದು ಯಂತ್ರದಿಂದ ಗೋಡೆಗೆ, ಗೋಡೆಯ ತೂತಿನಿಂದ ಆಚೆ, ಬಚ್ಚಲ ನೀರು ಹರಿಯುವ ಹಸಿ ಮಣ್ಣಿನ ಕಡೆಗೆ ಇಳಿದಿತ್ತು. ಅಲ್ಲಿಗೆ ಮುಗಿದಿತ್ತು. ತುದಿ ಗಾಳಿಯಲ್ಲಿ ತೂಗುತ್ತಿತ್ತು. ಸರಳು ಇದ್ದ ಜಾಗದಲ್ಲಿ ಸಣ್ಣ ಕುಳಿ, ಅದರಲ್ಲಿ ಹುಲ್ಲು.

ತಲೆ ಎತ್ತಿ ನೋಡಿದಳು. ಕರು ನಿಂತಿತ್ತು. ಈಗ ಬೆಳೆದು ಮೈ ತುಂಬಿಕೊಂಡಿತ್ತು. ಅದರ ಹಗ್ಗ ಒಂದು ಕಬ್ಬಿಣದ ಸರಳಿಗೆ ಬಿಗಿದಿತ್ತು. ಸರಳಿನ ಕೊರಳಲ್ಲಿ ಕ್ಲಾಂಪು ಇನ್ನೂ ಇತ್ತು.

"ಏನ ನೋಡ್ತೀಯವಾ?" ಶಿವಶರಣಪ್ಪ ಕಣಿಕೆಯ ಕಟ್ಟು ಹೊತ್ತು ಬಂದ. "ಗೂಟ ಹೆಂಗೈತಿ? ಕಟಗಿ ಗೂಟ ಒಂದೂ ತಡೀಲಿಲ್ಲ ಇದಕ್ಕ. ದಸರಿ ಮುಂದ ಮಾಲಿ ಹೂವೆಲ್ಲಾ ತಿಂದೀತಂತ, ಅಲ್ಲಿ ಗ್ವಾಡಿ ಬಾಜೂಕ ಸುಮ್ನ ನಿಂತಿತ್ತು, ಕಿತ್ತು ಇಲ್ಲಿ ಬಡದ ಬಿಟ್ಟೆ. ಅವತ್ತಿಂದ ಅಲುಗ್ಯಾಡಿಲ್ಲ."

ದಸರೆಯ ಮುಂದೆ. ಬ್ರೇಕರ್ ಬೀಳುವುದು ನಿಂತದ್ದು ಆಗಲೇ. ಸುಲಿದ ವೈರು ಚೌಕಟ್ಟಿಗೆ ತಾಗಿದಾಗೆಲ್ಲ ಕರೆಂಟು ಈ ಸರಳಿನಿಂದ ನೆಲಕ್ಕಿಳಿಯುತ್ತಿತ್ತು, ಅದಕ್ಕೇ ಬ್ರೇಕರ್ ಬೀಳುತ್ತಿತ್ತು. ಸರಳು ಹೋಯಿತು, ಇಳಿಯುವ ದಾರಿ ಹೋಯಿತು. ಮನುಷ್ಯನ ಮೈಯಿಂದ ಬ್ರೇಕರ್ ಬೀಳುವಷ್ಟು ಕರೆಂಟ್ ಹರಿಯುವುದಿಲ್ಲ, ಕೊಲ್ಲುವಷ್ಟು ಹರಿಯುತ್ತದೆ. ಖಂಡೆ ಪೂಜೆಯ ದಿನ ದಾರಿಯಾದವನು ಸಂಗು.

ನನ್ನ ಕೈ ಅಲ್ಲ. ನಂದಾಳ ಮನಸ್ಸಿಗೆ ಮೊದಲು ಬಂದದ್ದು ಅದು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅವಳಿಗೆ ಸಂತೋಷವಾಯಿತು. ಓಡಿಹೋಗಿ ಅತ್ತೆಯ ಮುಂದೆ, ಗಿರಣಿಯ ಮುಂದೆ, ಬಸ್ಸಿನವರ ಮುಂದೆಲ್ಲ ಕೂಗಬೇಕೆನಿಸಿತು. ಆಮೇಲೆ ಮಾವನ ಮುಖ ನೋಡಿದಳು. ಅವನು ಕರುವಿನ ಬೆನ್ನು ಸವರುತ್ತ ನಗುತ್ತಿದ್ದ.

"ಮಾವಾ, ಆ ಸರಳ ನನಗ ಬೇಕಿತ್ತು. ಅದು ಮಷೀನಿಂದು."

"ಅಯ್ಯ, ಮದಲಽ ಹೇಳಬಾರದಽ? ಯಾತಕ್ಕ ಬೇಕವಾ?"

"ಅಕ್ಷರ ನೆಟ್ಟಗ ಬರಾಕ" ಎಂದಳು.

ಇದನ್ನು ದೊಡ್ಡ ತ್ಯಾಗ ಎಂದು ಯಾರೂ ಹೊಗಳುವುದು ಬೇಡ. ಆ ಮನೆಯಲ್ಲಿ ಅವಳಿಗಿದ್ದ ಆಸರೆ ಆ ಮುದುಕನೊಬ್ಬನೇ. ಅವನು ಕುಸಿದರೆ ಅವಳ ಗಂಟು ಅಂಗಳಕ್ಕೆ ಬೀಳುತ್ತಿತ್ತು. ಅಂಜಿಕೆ ಎಷ್ಟೋ, ಕರುಳು ಎಷ್ಟೋ, ಅವಳಿಗೇ ಗೊತ್ತಿರಲಿಲ್ಲ.

ಶಿವಶರಣಪ್ಪ ತಾನೇ ಸರಳು ಕಿತ್ತು, ಅವಳು ತೋರಿಸಿದ ಕುಳಿಯಲ್ಲಿ ಬಡಿದ. ಮಣ್ಣು ಹಸಿಯಾಗಿರಬೇಕೆಂದು ಕೇಳಿ, ದಿನಾ ಮುಂಜಾನೆ ತುಳಸಿಗೆ ಹಾಕುವಂತೆ ಒಂದು ತಂಬಿಗೆ ನೀರು ಹಾಕತೊಡಗಿದ. ಹಾಕಿ, ಶೆಡ್ಡಿನ ಕಿಟಕಿಯಿಂದ, "ಹಾಕವಾ ಸ್ವಿಚ್ಚ" ಎನ್ನುತ್ತಿದ್ದ. ನಂದಾ ಎಡಗೈಯಿಂದ ಹಾಕುತ್ತಿದ್ದಳು. ಅಕ್ಷರ ನೆಟ್ಟಗೆ ಬಂದವು. ಬಬಲೇಶ್ವರದ ಹಲಗೆ ಮುಗಿಯಿತು. ಹಿತ್ತಲಿಂದ ಮುರಿಗೆವ್ವನ ಬಾಯಿ ಮಾತ್ರ ನಿಲ್ಲಲಿಲ್ಲ, ನಂದಾ ಹಲ್ಲು ಕಚ್ಚಿ ಕೇಳಿಸಿಕೊಂಡಳು.

ಯುನುಸ ಒಂದು ಮುಂಜಾನೆ ಯಂತ್ರ ನೋಡಿ ಹೋಗಲು ಬಂದ. ಶೆಡ್ಡಿನ ಹಿಂದೆ ಹೋಗಿ ಹೊಸದಾಗಿ ಬಡಿದ ಸರಳು ನೋಡಿದ. ಶಿವಶರಣಪ್ಪ ತಂಬಿಗೆ ಹಿಡಿದು ಅಲ್ಲೇ ಇದ್ದ.

"ಇದು ಈಗ ಬಡದದ್ದೇನ್ರಿ? ಮದಲ ಇರಲಿಲ್ಲೇನು?"

"ಇತ್ತು. ನಾನಽ ಕಿತ್ತು ಕರುವಿಗೆ ಗೂಟ ಮಾಡಿದ್ದೆ, ದಸರಿ ಮುಂದ."

ನಂದಾ ಒಳಗಿಂದ ಓಡಿ ಬಂದಳು. ಬರುವಷ್ಟರಲ್ಲಿ ಆ ಒಳ್ಳೆಯ ಮನುಷ್ಯನ ಬಾಯಿಂದ ಮಾತು ಜಾರಿತ್ತು. "ಯಾ ಅಲ್ಲಾ! ಇದು ಇದ್ದಿದ್ರ ಬ್ರೇಕರ್ ಬೀಳ್ತಿತ್ತಲ್ರಿ ಕಾಕಾ. ಸಂಗು ಉಳೀತಿದ್ದ."

ಶಿವಶರಣಪ್ಪ ಸೊಸೆಯ ಮುಖ ನೋಡಿದ. ಅವಳು ಕಣ್ಣು ತಪ್ಪಿಸಿದಳು. ಅದರಿಂದಲೇ ಅವನಿಗೆ ತಿಳಿಯಿತು, ಅವಳಿಗೆ ಮೊದಲೇ ಗೊತ್ತಿತ್ತೆಂದು. ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

ಮುರಿಗೆವ್ವ ಹಿತ್ತಲಿಗೆ ಬಂದಳು. ಏನೂ ಅರಿಯದೆ, ರೂಢಿಯಂತೆ, ಸೊಸೆಯ ಕಡೆ ಕೈ ಮಾಡಿ, "ಮತ್ತೇನ ಕೆಡಿಸೇತಿ ಈ ಕೈ? ನನ್ನ ಮಗನ ತಿಂದ ಕೈ" ಎಂದಳು.

"ಆಕಿ ಕೈ ಅಲ್ಲ ಬೇ" ಎಂದ ಶಿವಶರಣಪ್ಪ. ತನ್ನ ಎರಡೂ ಕೈ ಮುಂದೆ ಚಾಚಿದ. "ಇವು."

ಯುನುಸ ಅಳುತ್ತ ಹೇಳಿದ್ದನ್ನು ಮುರಿಗೆವ್ವ ನಿಂತು ಕೇಳಿದಳು. ಕರುವನ್ನು ನೋಡಿದಳು, ಸರಳನ್ನು ನೋಡಿದಳು.  ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತು ಮನೆ ಗಪ್ಪಾಯಿತು. ಈ ಮೌನಕ್ಕಾಗಿ ನಂದಾ ಎಷ್ಟು ಹಂಬಲಿಸಿದ್ದಳು! ಬಂದ ಮೇಲೆ, ಬೈಗುಳವೇ ವಾಸಿಯಿತ್ತು ಎನಿಸಿತು. ಶಿವಶರಣಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ಮರುದಿನವೂ ಏಳಲಿಲ್ಲ. ಕೈಗಳನ್ನು ಕೌದಿಯೊಳಗೆ ಇಟ್ಟುಕೊಂಡಿದ್ದ. ಮುರಿಗೆವ್ವ ಮಾರಿದ ಕರುವನ್ನು ಯಾರೋ ಬಂದು ಹೊಡೆದುಕೊಂಡು ಹೋದರು, ಅದಕ್ಕೂ ಅವನು ತಿರುಗಿ ನೋಡಲಿಲ್ಲ.

ಮೂರನೆಯ ಮುಂಜಾನೆ ನಂದಾ ಶೆಡ್ಡಿನಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದಳು. ಗೋಡೆಯಾಚೆ ನೀರು ಸುರಿದ ಸದ್ದಾಯಿತು. ಮಾವ ಎದ್ದನೆಂದು ಕಿಟಕಿಗೆ ಓಡಿದಳು. ಸರಳಿನ ಬುಡಕ್ಕೆ ಮುರಿಗೆವ್ವ ಬಗ್ಗಿ ನೀರು ಹಾಕುತ್ತಿದ್ದಳು. ತಂಬಿಗೆ ಬರಿದಾದರೂ ಎತ್ತಲಿಲ್ಲ, ಹಾಗೇ ಹಿಡಿದು ನಿಂತಳು. ಸೊಸೆಯ ಕಡೆ ತಿರುಗದೆ, ಹಸಿ ಮಣ್ಣು ನೋಡುತ್ತಲೇ ಹೇಳಿದಳು:

"ಹಾಕವಾ, ನಂದಾ."

ನಂದಾ ಬೋರ್ಡಿನ ಬಳಿ ಬಂದು ರೂಢಿಯಂತೆ ಎಡಗೈ ಎತ್ತಿದಳು. ಅತ್ತೆ ಈಗ ಕಿಟಕಿಯಿಂದ ನೋಡುತ್ತಿದ್ದಳು. ನಂದಾ ಎಡಗೈ ಇಳಿಸಿ, ಬಲಗೈಯಿಂದ ಸ್ವಿಚ್ ಹಾಕಿದಳು.