ಗಾಜಿನ ಹಿಂದೆ ಸೋಲುವ ಕೆಲಸ

ಪೈಲಟ್‌ಗೆ ಸಂಬಳ ಕೊಡುತ್ತಿದ್ದದ್ದೇ ಸೋಲುವುದಕ್ಕೆ. ಪೈಲಟ್ ಅಂದರೆ ನಿಜದ ಪೈಲಟ್ ಅಲ್ಲ. ಏಣಿ ಹತ್ತಿದರೇ ತಲೆ ಸುತ್ತುವ ಆಸಾಮಿ. ಬಸ್ ಸ್ಟಾಪಿನ ಎದುರಿನ ವಿಡಿಯೋ ಗೇಮ್ ಅಂಗಡಿಯಲ್ಲಿ, ರಸ್ತೆಗೆ ಮುಖ ಮಾಡಿದ ದೊಡ್ಡ ಗಾಜಿನ ಪಕ್ಕ, ವಿಮಾನದ ಆಟದ ಮೆಷಿನ್ ಮುಂದೆ ದಿನವೆಲ್ಲ ನಿಲ್ಲುತ್ತಿದ್ದ. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ನೆಂಟರು ಕೇಳಿದರೆ ಅಮ್ಮ “ಮೆಷಿನ್ ಕಡೆ ಕೆಲಸ” ಅಂದು ಮಾತು ತೇಲಿಸಿಬಿಡುತ್ತಿದ್ದಳು.

ಸೇರಿದ ದಿನವೇ ಯಜಮಾನರು ಕೂರಿಸಿಕೊಂಡು ಹೇಳಿದ್ದರು: “ನೋಡಪ್ಪಾ, ನೀನು ಗೆದ್ದರೆ ಜನ ಭೇಷ್ ಅಂದು ಬಸ್ ಹತ್ತುತ್ತಾರೆ. ಸೋತರೆ, ‘ಇವನಿಗೆ ಇಷ್ಟೂ ಬರಲ್ವಾ’ ಅಂತ ಒಳಗೆ ಬರ್ತಾರೆ. ಆದ್ರೆ ಸುಮ್ಮನೆ ಸೋಲೋದಲ್ಲ. ಇನ್ನೇನು ಗೆದ್ದೇಬಿಟ್ಟ ಅನ್ನೋ ಹೊತ್ತಿಗೆ ಸೋಲಬೇಕು.”

ಅದೇನು ಸಣ್ಣ ವಿದ್ಯೆಯಲ್ಲ. ಆಟದ ಕೊನೆಗೆ ಒಂದು ದೊಡ್ಡ ಹಡಗು ಬರುತ್ತಿತ್ತು. ಇನ್ನೊಂದೇ ಏಟಿಗೆ ಅದು ಮುಳುಗಬೇಕು ಅನ್ನುವಾಗ ಬೆರಳು ಒಂಚೂರು ತಡ ಮಾಡಬೇಕು, ವಿಮಾನ ಉರುಳಬೇಕು, ಪೈಲಟ್ ಹಣೆ ಚಚ್ಚಿಕೊಳ್ಳಬೇಕು. ಪರೀಕ್ಷೆಗಳಲ್ಲೆಲ್ಲ ಪಾಸಿನ ಅಂಚಿಗೆ ಬಂದು ಜಾರಿದವನಾದ್ದರಿಂದ ಇದಕ್ಕೆ ಬೇರೆ ತರಬೇತಿಯೇ ಬೇಕಾಗಲಿಲ್ಲ ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಆ ಕಾಲದಲ್ಲಿ ಗಾಜಿಗೆ ಮೂಗು ಒತ್ತಿ ನೋಡುವವರಿದ್ದರು. “ಸರಿಯಪ್ಪ ಆ ಕಡೆ, ನಾನು ತೋರಿಸ್ತೀನಿ” ಅಂತ ಭುಜಕ್ಕೆ ಭುಜ ಕೊಟ್ಟು ನುಗ್ಗುವವರಿದ್ದರು. ಬಸ್ ತಪ್ಪಿಸಿಕೊಂಡು ಕೌಂಟರಿನ ಅಕ್ಕನ ಹತ್ತಿರ ಮತ್ತೆ ಮತ್ತೆ ಟೋಕನ್ ಕೊಳ್ಳುವವರಿದ್ದರು.

ಈಗ ಬಸ್ ಸ್ಟಾಪಿನಲ್ಲಿ ಎಲ್ಲರ ಕುತ್ತಿಗೆಯೂ ಬಾಗಿರುತ್ತಿತ್ತು. ಅವರವರ ಆಟ ಅವರವರ ಅಂಗೈಯಲ್ಲಿ. ಪೈಲಟ್ ಎಷ್ಟು ಚಂದವಾಗಿ ಸತ್ತರೂ ಕೇಳುವವರಿಲ್ಲ. ಒಮ್ಮೆ ಒಬ್ಬಾಕೆ ತಲೆಯೆತ್ತಿ ಗಾಜಿನ ಕಡೆ ನೆಟ್ಟ ನೋಟದಿಂದ ನೋಡಿದಳು. ಅವನು ಹುಮ್ಮಸ್ಸಿನಿಂದ ಹಣೆ ಚಚ್ಚಿಕೊಂಡ. ಆಕೆ ಕೂದಲು ಸರಿಮಾಡಿಕೊಂಡು ಬಸ್ ಹತ್ತಿದಳು. ಒಳಗೆ ಅರ್ಧ ಮೆಷಿನ್‌ಗಳು ಕೆಟ್ಟಿದ್ದವು. ಹೊರಗಿನವರಿಗೆ ಗೊತ್ತಾಗಬಾರದೆಂದು ಅವುಗಳ ದೀಪ ಮಾತ್ರ ಉರಿಸಿಡುತ್ತಿದ್ದರು. ಕೌಂಟರಿನ ಅಕ್ಕ ಮನೆಯ ಹರಿದ ಬಟ್ಟೆಗಳನ್ನೆಲ್ಲ ಅಲ್ಲೇ ಹೊಲಿದು ಮುಗಿಸಿ, ಈಗ ಪಕ್ಕದ ಮನೆಯವರದ್ದು ತರತೊಡಗಿದ್ದಳು.

ಆ ಬೆಳಿಗ್ಗೆ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. “ಇವತ್ತೊಬ್ಬರು ಬರ್ತಿದ್ದಾರೆ. ಮನಸ್ಸಿಗೆ ಹಿಡಿಸಿದ್ರೆ ಅಂಗಡೀನ ಹೀಗೇ ತಗೊಂಡು ನಡೆಸ್ತಾರಂತೆ. ಮೆಷಿನ್ನೂ ಇರುತ್ತೆ, ನೀವಿಬ್ರೂ ಇರ್ತೀರಿ. ಹಿಡಿಸಲಿಲ್ಲವೋ, ಬೀಗದ ಕೈ ಬೇರೆಯವರಿಗೆ.”

ಹೋದ ತಿಂಗಳು ಪೈಲಟ್ ಗುಟ್ಟಾಗಿ ಒಂದು ಕಡೆ ಕೆಲಸ ಕೇಳಲು ಹೋಗಿದ್ದ. “ಏನು ಅನುಭವ?” ಅಂದರು. ಆಟ, ಅಂದ. “ಏನೇನು ಗೆದ್ದಿದ್ದೀರಿ?” ಅಂದರು. ಎದ್ದು ಬಂದಿದ್ದ.

“ಇವತ್ತೊಂದು ದಿನ ಗೆದ್ದುಬಿಡು,” ಅಂದರು ಯಜಮಾನರು. “ಮೆಷಿನ್ ಎಷ್ಟು ಗಟ್ಟಿ ಇದೆ ಅಂತ ಅವರು ಕೊನೇವರೆಗೂ ನೋಡಲಿ.”

“ಗೆಲ್ಲೋದಾ?”

“ಯಾಕೋ ತಮ್ಮಾ, ಅದಕ್ಕೆ ಬೇರೆ ಸಂಬಳ ಬೇಕಾ?” ಅಂದಳು ಅಕ್ಕ, ಸೂಜಿಯಿಂದ ಕಣ್ಣು ಕೀಳದೆ.

ಬಂದವರು ದಪ್ಪಗಿದ್ದರು, ದಣಿದಿದ್ದರು, ಕೈಯಲ್ಲಿ ಎರಡು ಫೋನ್. ಒಂದರಲ್ಲಿ ಮಾತಾಡುತ್ತಲೇ ಗೋಡೆ ತಟ್ಟಿ ನೋಡಿದರು, ಸೂರು ನೋಡಿದರು, ಕೊನೆಗೆ ಬಂದು ಪೈಲಟ್‌ನ ಬೆನ್ನ ಹಿಂದೆ ನಿಂತರು. ಪೈಲಟ್ ಉಸಿರು ಬಿಗಿಹಿಡಿದು ಆಡಿದ. ಮೋಡ ದಾಟಿದ, ಸೇತುವೆ ದಾಟಿದ. ಹಡಗು ಬಂತು. ಇನ್ನೊಂದೇ ಏಟು. ಬೆರಳು ತನ್ನಷ್ಟಕ್ಕೆ ತಾನೇ ತಡ ಮಾಡಿತು. ವಿಮಾನ ಉರುಳಿತು.

ಇನ್ನೊಂದು ಟೋಕನ್ ಹಾಕಿದ. ಬೆರಳನ್ನು ಮನಸ್ಸಿನಲ್ಲೇ ಬೈದ, ಬೇಡಿಕೊಂಡ. ಹಡಗಿನ ಮುಂದೆ ಮತ್ತೆ ಅದೇ ಕಥೆ. ಸೋತು ಸೋತು ಪಳಗಿದ ಕೈಗೆ ಮುಂದಿನ ದಾರಿಯೇ ಗೊತ್ತಿರಲಿಲ್ಲ. ಯಜಮಾನರು ಮುಖ ಆ ಕಡೆ ತಿರುಗಿಸಿಕೊಂಡರು.

“ಛೇ,” ಅಂತ ಹಿಂದಿನಿಂದ ದನಿ ಬಂತು. “ಇನ್ನೇನು ಆಗೇಹೋಗಿತ್ತಲ್ರೀ. ಸ್ವಲ್ಪ ಸರೀರಿ ನೋಡೋಣ.”

ಅವರು ಎರಡೂ ಫೋನುಗಳನ್ನು ಅಕ್ಕನ ಕೈಗೆ ಕೊಟ್ಟು ಹ್ಯಾಂಡಲ್ ಹಿಡಿದರು. ಮೊದಲ ಸಲ ಸೇತುವೆಗೇ ಉರುಳಿದರು. ಅಂಗಿಯ ತೋಳು ಮಡಚಿದರು. ತರಿಸಿದ ಟೀ ಆರಿ ಕೆನೆ ಕಟ್ಟಿತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. “ಸರ್, ನಿಮ್ಮ ಮನೆಯಿಂದ” ಅಂದಳು ಅಕ್ಕ. “ಇಲ್ಲ ಅಂತ ಹೇಳಿ,” ಅಂದರು ತಿರುಗದೆ. ಯಜಮಾನರು ಪೈಲಟ್‌ನ ಬೆನ್ನು ಮೆಲ್ಲಗೆ ತಟ್ಟಿದರು. ಇಷ್ಟು ದಿನದಲ್ಲಿ ಅವನ ಸೋಲು ಇಷ್ಟು ಚೆನ್ನಾಗಿ ನಾಟಿದ್ದೇ ಇಲ್ಲ. ಕೆಲಸ ಉಳಿದ ಹಾಗೇ ಅಂದುಕೊಂಡ.

ಬೀದಿ ದೀಪ ಹತ್ತುವ ಹೊತ್ತಿಗೆ ಹಡಗು ಮುಳುಗಿತು. ಅದರಾಚೆ ಏನಿದೆ ಅನ್ನುವುದನ್ನು ಪೈಲಟ್ ಅಂದೇ ಮೊದಲು ನೋಡಿದ. ಮತ್ತೆ ಅದೇ ಸಮುದ್ರ, ಅದೇ ಮೋಡ; ಎಲ್ಲ ಸ್ವಲ್ಪ ಜೋರಾಗಿ ಓಡುತ್ತಿತ್ತು, ಅಷ್ಟೇ.

ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ತಗೋತೀನಿ ಯಜಮಾನ್ರೇ.”

“ಸಂತೋಷ ಸರ್. ಅಂಗಡಿ ಹೆಸರು ಇದೇ ಇಟ್ಕೊಂಡ್ರೂ ಪರವಾಗಿಲ್ಲ, ಬದಲಾಯಿಸಿದ್ರೂ...”

“ಅಂಗಡಿ ಅಲ್ಲರೀ, ಈ ಮೆಷಿನ್ ಒಂದು. ಮನೇಲಿ ಒಂದು ರೂಮ್ ಖಾಲಿ ಇದೆ. ಬಾಗಿಲು ಹಾಕ್ಕೊಂಡು ಒಬ್ಬನೇ ಆಡಬಹುದು. ಹಿಂದೆ ಯಾರೂ ನಿಂತು ನೋಡ್ತಿರಬಾರದು ನೋಡಿ, ಅದೇ ಸುಖ.”

ಯಜಮಾನರು ಪ್ಲಗ್ ಕೀಳಲು ಬಗ್ಗಿದರು.

ಮೆಷಿನ್ ಹೊರಲು ಪೈಲಟ್ಟೂ ಕೈ ಕೊಟ್ಟ. ವ್ಯಾನಿಗೆ ಏರಿಸಿದ ಮೇಲೆ ಕೊಂಡವರು ಅವನ ಕೈ ಕುಲುಕಿ, “ಚೆನ್ನಾಗಿ ಆಡ್ತೀರಿ. ಹಡಗಿನ ಹತ್ರ ಬಂದಾಗ ಮಾತ್ರ ಗಾಬರಿ ಬೀಳಬೇಡಿ,” ಅಂದರು. ಪೈಲಟ್ “ಸರಿ ಸರ್” ಅಂದ.

ವ್ಯಾನ್ ಹೋದ ಮೇಲೆ ಮೂವರೂ ಖಾಲಿ ಗಾಜಿನ ಮುಂದೆ ನಿಂತರು.

“ನಾಳೆ ಬಂದು ಷಟರ್ ಎತ್ತಿ,” ಅಂದರು ಯಜಮಾನರು. “ಹಾಸಿಗೆ ಅಂಗಡಿ ಹಾಕುವವರು ಅಳತೆ ತಗೊಳ್ಳೋಕೆ ಬರ್ತಾರೆ.”

ಅಕ್ಕ ಹೊಲಿಗೆ ಮಡಚಿ ಚೀಲಕ್ಕೆ ತುರುಕಿದಳು. “ಕೇಳಿ ನೋಡೋ ತಮ್ಮಾ. ಗಾಜಿನ ಹಿಂದೆ ಮಲಗಿ ತೋರಿಸೋಕೆ ಅವರಿಗೂ ಒಬ್ಬ ಬೇಕಾಗಬಹುದು.”

“ಕೇಳ್ತೀನಕ್ಕಾ,” ಅಂದ ಪೈಲಟ್. “ಅದಕ್ಕಾದ್ರೆ ನಟನೆ ಬೇಕಾಗಲ್ಲ.”